ಮಾರಿಯೊನ ಜಿಗಿತ ನೆಲದ ಮೇಲೇ ತೀರ್ಮಾನ

ಕರಜಗಿ, ಅಫಜಲಪುರದ ಕಡೆ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಅಟ್ಟದ ಮೇಲೆ ಹಳೆಯ ಟಿವಿ ಗೇಮು, ಕ್ಯಾಸೆಟ್ಟು ಉಳಿದಿದ್ದರೆ ಕೆಳಗಿಳಿಸಿ. ನಿಂಟೆಂಡೊ 1985ರಲ್ಲಿ ತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಬಹುತೇಕ ಅದರಲ್ಲಿರುತ್ತದೆ. ಬಲಕ್ಕೆ ನಡೆದು ಜಿಗಿಯುವುದು ಯಾರಿಗಾದರೂ ಬಂದೀತು. ಅದರಾಚೆಯ ಪಟ್ಟುಗಳು ಇಲ್ಲಿವೆ.

ಹಂತ 1: ಹೆಬ್ಬೆರಳು
ಬಿ ಗುಂಡಿ ಓಟಕ್ಕೆ, ಎ ಜಿಗಿತಕ್ಕೆ. ಹೆಬ್ಬೆರಳಿನ ತುದಿ ಬಿ ಮೇಲಿರಲಿ. ಅದನ್ನು ಬಿಡದೆಯೇ ಬೆರಳಿನ ಗೆಣ್ಣನ್ನು ಎ ಮೇಲೆ ಒರಗಿಸಿ. ಎರಡು ಬೆರಳು ಬಳಸುವ ಕೆಲವರು ಜಿಗಿಯುವ ಹೊತ್ತಿಗೆ ಬಿ ಬಿಟ್ಟುಬಿಡುತ್ತಾರೆ.

ಅಗ್ಗದ ಸೆಟ್ಟುಗಳ ರಿಮೋಟಿನಲ್ಲಿ ಟರ್ಬೊ ಎಂಬ ಇನ್ನೆರಡು ಗುಂಡಿಗಳಿರುತ್ತವೆ. ಜಿಗಿಯಲು ಅವನ್ನು ಮುಟ್ಟಲೇಬೇಡಿ. ಟರ್ಬೊ ಎಂದರೆ ಯಂತ್ರವೇ ಪಟಪಟನೆ ಒತ್ತಿ ಬಿಡುವುದು. ಎ ಬಿಟ್ಟ ಕ್ಷಣವೇ ಮಾರಿಯೊನನ್ನು ನೆಲ ಜೋರಾಗಿ ಸೆಳೆಯುವುದರಿಂದ ಜಿಗಿತ ಮೊಟಕಾಗುತ್ತದೆ. “ರಿಮೋಟು ಕೆಟ್ಟಿದೆ” ಎಂಬ ಎಷ್ಟೋ ದೂರುಗಳ ಮೂಲ ಇದೇ ಇರಬಹುದು!

ಹಂತ 2: ಅಳತೆ
ಮೊದಲ ಲೋಕದ ಮೊದಲ ಮಜಲಾದ 1-1ರ ಕೊಳವೆಗಳು ಎರಡು, ಮೂರು, ನಾಲ್ಕು ಇಟ್ಟಿಗೆಯೆತ್ತರ ಏರುತ್ತಾ ಹೋಗುತ್ತವೆ. ಎ ಎಷ್ಟು ಹೊತ್ತು ಹಿಡಿದರೆ ಯಾವುದು ಹತ್ತುತ್ತದೆ ಎಂಬುದು ಅಲ್ಲೇ ಕೈಗೆ ಗೊತ್ತಾಗಲಿ.

ಹಂತ 3: ಓಟ
ಎಲ್ಲಕ್ಕೂ ಬುಡ ಇದು. ನಿಂತಲ್ಲಿಂದ ಹಾರಿದರೆ ಗಾಳಿಯಲ್ಲಿ ಬಿ ಎಷ್ಟೇ ಒತ್ತಿದರೂ ಓಟದ ವೇಗ ಬರದು. ಓಡುತ್ತಾ ಹಾರಿದರೆ ದೂರವೂ ಹೆಚ್ಚು, ಎತ್ತರವೂ ಹೆಚ್ಚು. ಹಾಗಾಗಿ ದೊಡ್ಡ ಹೊಂಡ ಕಂಡಾಗ ಅಂಚಿಗೆ ಹೋಗಿ ನಿಲ್ಲಬೇಡಿ. ಹಿಂದೆ ಸರಿದು ಓಡಿ ಬನ್ನಿ. ಇಳಿಯುವಾಗ ಜಾಗ ಕಿರಿದಾಗಿದ್ದರೆ ಗಾಳಿಯಲ್ಲೇ ಎಡಬಾಣ ಒತ್ತಿದರೆ ವೇಗ ಕುಗ್ಗುತ್ತದೆ.

ಇನ್ನೊಂದು ಮಜಾ: ಒಂದೇ ಇಟ್ಟಿಗೆಯಗಲದ ಕಂಡಿಗೆ ಜಿಗಿತವೇ ಬೇಡ. ಪೂರ್ತಿ ವೇಗವಿದ್ದರೆ ಮೇಲೆಯೇ ಓಡಿ ದಾಟಬಹುದು.

ಹಂತ 4: ಕುಳಿತು ಜಾರುವುದು
ಅಣಬೆ ತಿಂದು ದೊಡ್ಡವನಾದ ಮಾರಿಯೊಗೆ ಮಾತ್ರ ಇದು. ಓಡುತ್ತಲೇ ಕೆಳಬಾಣ ಒತ್ತಿ. ತಗ್ಗಿನ ಸಂದಿಯೊಳಗೆ ಜಾರಿಹೋಗುತ್ತಾನೆ. ಮಧ್ಯದಲ್ಲಿ ನಿಂತರೆ ಕುಳಿತಂತೆಯೇ ಪುಟ್ಟ ಪುಟ್ಟ ಜಿಗಿತ ಹಾಕಿ ಮುಂದೆ ಸರಿಸಿ.

ಹಂತ 5: ಗೋಡೆ ಜಿಗಿತ
1996ರ ‘ಸೂಪರ್ ಮಾರಿಯೊ 64’ರಲ್ಲಿ ಇದು ಅಧಿಕೃತ ವಿದ್ಯೆ. ಹಳೆಯ ಆಟದಲ್ಲಿ ಮಾತ್ರ ಪ್ರೋಗ್ರಾಮಿನ ಲೋಪ. ವೇಗವಾಗಿ ಗೋಡೆಗೆ ಅಪ್ಪಳಿಸುವಾಗ ಪಾದ ಎರಡು ಇಟ್ಟಿಗೆಗಳ ಕೂಡುಗೆರೆಗೆ ಸರಿಯಾಗಿ ಬಂದರೆ, ಮಾರಿಯೊ ನೆಲದ ಮೇಲಿದ್ದಾನೆಂದು ಆಟ ಒಂದು ಕ್ಷಣ ಭ್ರಮಿಸುತ್ತದೆ. ಆಗಲೇ ಎ ಹೊಸದಾಗಿ ಒತ್ತಬೇಕು. ಸೆಕೆಂಡಿಗೆ ಐವತ್ತು-ಅರವತ್ತು ಚಿತ್ರ ಓಡುವ ಆಟದಲ್ಲಿ ಆ ಅವಕಾಶ ಒಂದೇ ಚಿತ್ರದಷ್ಟು. ಬರದಿದ್ದರೂ ಆಟ ಮುಗಿಸಲು ಅಡ್ಡಿಯಿಲ್ಲ, ಹಟ ಬೇಡ.

ಹಂತ 6: ಅಡ್ಡದಾರಿ
ಈ ಆಟದಲ್ಲಿ ಸೇವ್ ಇಲ್ಲ. ಕರೆಂಟು ಹೋದರೆ ಮತ್ತೆ 1-1. ಆದ್ದರಿಂದ 1-2ರ ಕೊನೆಯಲ್ಲಿ ಲಿಫ್ಟು ಹತ್ತಿ ಚಾವಣಿಯ ಮೇಲೇ ಓಡಿ, ಹೊರಹೋಗುವ ಕೊಳವೆಯನ್ನೂ ದಾಟಿ. ಮುಂದೆ ಮೂರು ಕೊಳವೆ. ಎಡಗಡೆಯದು ನಾಲ್ಕನೇ ಲೋಕಕ್ಕೆ. 4-2ರಲ್ಲಿ ಅಡಗಿರುವ ಬಳ್ಳಿ ಹತ್ತಿದರೆ ಎಂಟನೇ ಲೋಕಕ್ಕೂ ಕೊಳವೆಯಿದೆ. ಓಡಿಯೇ ದಾಟುವ ಕಂಡಿಗಳು 8-1ರಲ್ಲಿ ಸಾಲಾಗಿ ಸಿಗುತ್ತವೆ. ಅಲ್ಲಿ ಬಿ ಮೇಲಿನ ಬೆರಳು ಎತ್ತಬೇಡಿ.