ಮೊದಲು ಟ್ಯಾಗ್, ಆಮೇಲೆ ಫೋಟೊ

ಪ್ರೀತಿಯ ತಮ್ಮಾ,

ಪೆನ್ಸಿಲ್ವೇನಿಯಾದಲ್ಲಿ ಬೇಟೆ ಲೈಸೆನ್ಸ್ ಮಾಡಿಸಿದೆ ಎಂದು ಬರೆದಿದ್ದೀಯ. ಕೋವಿ, ಸ್ಕೋಪು, ಬೂಟು ಎಲ್ಲ ವಿಚಾರಿಸಿದ್ದೀಯ, ಹೊಡೆದ ಪ್ರಾಣಿಗೆ ಕಟ್ಟಬೇಕಾದ ಟ್ಯಾಗ್ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ. ಗುರಿ ಹೇಗಾದರೂ ಕೈಗೆ ಹತ್ತುತ್ತದೆ. ಮಲೆನಾಡು, ಕೊಡಗಿನ ಕಡೆಯ ಹುಡುಗರು ಇಲ್ಲಿ ಎಡವುವುದು ಈ ಕಾಗದದ ಚೂರಿಗೆ. ನಿನ್ನಂಥ ಇನ್ನೂ ನಾಲ್ಕು ಜನ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಶಿಕಾರಿ ಎಂದರೆ ಊರಿನ ಕೆಲಸ. ಕೋವಿ ಹಿಡಿದು ಬಿಲ್ಲಿಗೆ ಕೂತವನಿಗೂ ಪಾಲು, ಕಾಡು ಸೋವಿ ಪ್ರಾಣಿ ಎಬ್ಬಿಸಿದವನಿಗೂ ಪಾಲು. ಯಾರ ಈಡು ತಾಗಿತು ಎನ್ನುವುದು ಜಗಲಿ ಮೇಲಿನ ಜಗಳಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬೇಕಿರಲಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆಗೆ ಲೈಸೆನ್ಸ್ ಕೊಡುವ ಕಲಮು ಇತ್ತು, 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಹಾಗಾಗಿ ಲೆಕ್ಕ ಒಪ್ಪಿಸಿ ಬೇಟೆಯಾಡುವ ರೂಢಿ ನಮಗೆ ಬರಲೇ ಇಲ್ಲ. ಇಲ್ಲೂ ಗುಂಪಾಗಿ ಸೋವಬಹುದು, ಆದರೆ ಬಿದ್ದ ಜಿಂಕೆ ಹೊಡೆದವನ ಹೆಸರಿಗೇ. ‘ನಂದು ಖಾಲಿ ಇದೆ, ಹಾಕ್ಕೊಳ್ಳೋ ಮಾರಾಯ’ ಎಂದು ಯಾರಾದರೂ ಸ್ನೇಹಕ್ಕೆ ತಮ್ಮ ಟ್ಯಾಗ್ ಚಾಚಿದರೆ ಮುಟ್ಟಬೇಡ. ಸಿಕ್ಕಿಬಿದ್ದರೆ ಇಬ್ಬರೂ ಹೋಗುತ್ತೀರಿ.

ಇಷ್ಟು ಬಿಗಿ ಯಾಕೆ ಅನ್ನಿಸಬಹುದು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಈ ರಾಜ್ಯದಲ್ಲಿ ಜಿಂಕೆ ಹೆಚ್ಚುಕಡಿಮೆ ನಿರ್ನಾಮವಾಗಿತ್ತು. ಕಾಡುಪ್ರಾಣಿ ಕಾಯಲೆಂದು 1895ರಲ್ಲಿ ಗೇಮ್ ಕಮಿಷನ್ ಹುಟ್ಟಿತು. 1906ರಿಂದ ಹೊರಗಿನಿಂದ ಜಿಂಕೆ ತಂದು ಬಿಟ್ಟರು, 1907ರಲ್ಲಿ ಹೆಣ್ಣು ಹೊಡೆಯುವುದನ್ನು ನಿಲ್ಲಿಸಿದರು. ಈಗ ಅವು ಹಿತ್ತಲಿಗೆ ಬಂದು ಹೂಗಿಡ ಮೇಯುತ್ತವೆ, ಅದು ಬೇರೆ ಮಾತು. ಇಲ್ಲಿ ಕಾಡುಪ್ರಾಣಿ ಜಮೀನಿನ ಯಜಮಾನನ ಸೊತ್ತೂ ಅಲ್ಲ, ರಾಜ್ಯದ ಜನರೆಲ್ಲರದ್ದು. ಟ್ಯಾಗ್ ಕಟ್ಟುವ ತನಕ ನಿನ್ನ ಕಾಲ ಬುಡದಲ್ಲಿ ಬಿದ್ದಿರುವ ಜಿಂಕೆ ನಿನ್ನದಲ್ಲ.

ಕಟ್ಟುವ ಕ್ರಮ ಹೀಗೆ. ಜಿಂಕೆ ಸತ್ತಿದೆ ಎಂದು ಖಾತ್ರಿಯಾದ ಮೇಲೆ ಕೋವಿ ಖಾಲಿ ಮಾಡು. ಜಿಂಕೆಯನ್ನು ಒಂದು ಮಾರೂ ಎಳೆಯುವ ಮೊದಲು, ಅಲ್ಲೇ ಮೊಣಕಾಲೂರಿ ಟ್ಯಾಗ್ ತುಂಬು: ತಾರೀಖು, ಹೊತ್ತು, ಕೌಂಟಿ, ಟೌನ್‌ಶಿಪ್. ಟೌನ್‌ಶಿಪ್ ಹೆಸರು ಹಿಂದಿನ ರಾತ್ರಿಯೇ ನೋಡಿಟ್ಟುಕೊಂಡಿರು, ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡ. ಬಾಲ್‌ಪೆನ್ ಒಳಜೇಬಿನಲ್ಲಿರಲಿ, ಡಿಸೆಂಬರ್ ಚಳಿಗೆ ಹೊರಜೇಬಿನ ಪೆನ್ನಿನ ಶಾಯಿ ಕಚ್ಚಿಕೊಳ್ಳುತ್ತದೆ. ಕೈ ನಡುಗುತ್ತಿರುತ್ತದೆ, ರಕ್ತ ಬೇರೆ. ಟ್ಯಾಗನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಕಿವಿಯಲ್ಲಿ ಚೂರಿಯಿಂದ ಸಣ್ಣ ಸೀಳು ಮಾಡಿ, ದಾರ ಪೋಣಿಸಿ ಗಂಟು ಹಾಕು. ಎಳೆಯುವಾಗ ಪೊದೆಗೆ ಸಿಕ್ಕಿ ಹರಿಯದಂತೆ ದಾರ ಗಿಡ್ಡವಿರಲಿ. ಫೋಟೊ, ವಾಟ್ಸಾಪ್ ಎಲ್ಲ ಆಮೇಲೆ. ಮಾಂಸ ಮಾಡುವ ತನಕ ಟ್ಯಾಗ್ ಕಿವಿಯಲ್ಲೇ ಇರಬೇಕು. ‘ಬೆಳಿಗ್ಗೆಯೇ ತುಂಬಿಟ್ಟರೆ ಆಯಿತಲ್ಲ’ ಎಂಬ ಜಾಣತನ ಬೇಡ.

ಯಾವ ಟ್ಯಾಗ್ ಎನ್ನುವುದೂ ಮುಖ್ಯ. ಸಾಮಾನ್ಯ ಲೈಸೆನ್ಸಿನ ಜತೆ ಬರುವುದು ಕೊಂಬಿನ ಗಂಡಿಗೆ ಮಾತ್ರ. ಹೆಣ್ಣಿಗೆ ಬೇರೆ ಲೈಸೆನ್ಸ್, ಅದೂ ಒಂದೊಂದು ವಲಯಕ್ಕೆ ಒಂದೊಂದು. ತಮಾಷೆಯೆಂದರೆ, ಎರಡೂ ಕೊಂಬು 3 ಇಂಚಿಗಿಂತ ಗಿಡ್ಡವಿದ್ದರೆ ಗಂಡೂ ಕೊಂಬಿಲ್ಲದ ಲೆಕ್ಕಕ್ಕೇ ಸೇರುತ್ತದೆ. ತಪ್ಪಿ ಬೇರೆಯದು ಬಿದ್ದರೆ ಸೊಪ್ಪು ಮುಚ್ಚಿ ಮನೆಗೆ ಬರಬೇಡ, ತಡಮಾಡದೆ ಗೇಮ್ ಕಮಿಷನ್ನಿನ ವಾರ್ಡನ್‌ಗೆ ಫೋನ್ ಮಾಡು. ತಾನಾಗಿ ಹೇಳಿದವನನ್ನು ಇಲ್ಲಿಯ ಕಾನೂನು ಸಿಕ್ಕಿಬಿದ್ದವನ ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ನೀನು ಎಚ್‌-1ಬಿ ಮೇಲೆ ಇರುವವನು, ಇದನ್ನು ಎರಡು ಸಲ ಓದು. ಅಂಥ ವೀಸಾದವರು ಕೋವಿ ಇಟ್ಟುಕೊಳ್ಳುವಂತಿಲ್ಲ ಎನ್ನುವುದು ಫೆಡರಲ್ ಕಾನೂನು. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಒಂದು. ಟ್ಯಾಗ್ ವಿಷಯಕ್ಕೆ ಲೈಸೆನ್ಸ್ ಹೋಯಿತೆನ್ನು, ಬೀರುವಿನಲ್ಲಿರುವ ಕೋವಿಯೇ ಇನ್ನೊಂದು ಕೇಸಾಗುತ್ತದೆ. ಅಕ್ರಮವಾಗಿ ಹೊಡೆದದ್ದನ್ನು ಕಾರಿನಲ್ಲಿ ಹಾಕಿಕೊಂಡು ಒಹಾಯೊ ಗಡಿ ದಾಟಿದೆಯೋ, 1900ರ ಲೇಸಿ ಕಾಯ್ದೆ ಕೆಳಗೆ ಅದೂ ಫೆಡರಲ್ ಅಪರಾಧ. ಒಂದು ರಾಜ್ಯದಲ್ಲಿ ಲೈಸೆನ್ಸ್ ಕಳೆದುಕೊಂಡವನಿಗೆ ಬೇರೆ ರಾಜ್ಯಗಳೂ ಬಾಗಿಲು ಹಾಕುವಂತೆ ಅವರವರಲ್ಲಿ ಒಪ್ಪಂದವಿದೆ.

ಮನೆಗೆ ಬಂದ ಮೇಲೆ 10 ದಿನದೊಳಗೆ ಗೇಮ್ ಕಮಿಷನ್‌ಗೆ ವರದಿ ಮಾಡು. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಇನ್ನು ಪಾಲಿನ ವಿಚಾರ. ಗೆಳೆಯರು ಬರುತ್ತಾರೆ, ‘ಒಂದು ತೊಡೆ ಕೊಡು, ನಲವತ್ತು ಡಾಲರ್ ಇಟ್ಕೋ’ ಅನ್ನುತ್ತಾರೆ. ತೊಡೆ ಕೊಡು, ದುಡ್ಡು ಮುಟ್ಟಬೇಡ. ಕಾಡುಜಿಂಕೆಯ ಮಾಂಸ ಮಾರುವಂತಿಲ್ಲ. ಫ್ರೀಜರ್ ತುಂಬಿ ಮಿಕ್ಕಿದರೆ ‘ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್’ ಜತೆಗಿರುವ ಕಸಾಯಿ ಅಂಗಡಿಗೆ ಕೊಟ್ಟುಬಿಡು, ಅವರು ಹಸಿದವರಿಗೆ ತಲುಪಿಸುತ್ತಾರೆ. ಪಂದಿಕರಿ ಮಸಾಲೆಯಲ್ಲಿ ಜಿಂಕೆ ಹೇಗಾಗುತ್ತದೆ ಎಂದು ಕೇಳಿದ್ದೀಯಲ್ಲ, ಕೊಬ್ಬೇ ಇಲ್ಲದ ಮಾಂಸ ಅದು, ಒಣಗಿಬಿಡುತ್ತದೆ. ಎಣ್ಣೆ ಒಂದು ಕೈ ಮುಂದಿರಲಿ.

ನಿನ್ನ,
ದೊಡ್ಡಪ್ಪ