ಬಸ್ಸಿನ ನೆತ್ತಿಯ ಮೇಲೆ ತಂಪು ಯಂತ್ರ

ಮಕ್ಕಳೇ, ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚುತ್ತಾರಲ್ಲವೆ? ಆಗ ತಣ್ಣಗೆನಿಸುವುದೇಕೆ? ಆವಿಯಾಗಲು ಬೇಕಾದ ಶಾಖವನ್ನು ಸ್ಪಿರಿಟ್ ನಿಮ್ಮ ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಇದು ನೆನಪಿದ್ದರೆ ಏ.ಸಿ. ಯಂತ್ರ ಅರ್ಧ ಅರ್ಥವಾದಂತೆಯೇ.

ಅಮೆರಿಕದಲ್ಲಿ ಮೋಟಾರ್‌ಹೋಮ್ ಎಂಬ ವಾಹನಗಳಿವೆ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಇರುವ ಬಸ್ಸಿನಂಥ ಮನೆ ಅದು. ಅಲ್ಲಿನ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಗರಿಷ್ಠ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಬಿಸಿಲಿನಲ್ಲಿ ನಿಂತ ವಾಹನದೊಳಗಿರುವ ಮಗುವಿಗೆ, ವಯಸ್ಸಾದವರಿಗೆ ಪ್ರಾಣಾಪಾಯ. ಆದ್ದರಿಂದ ಛಾವಣಿಯಲ್ಲಿ ಸುಮಾರು 14 ಅಂಗುಲದ ಚೌಕ ರಂಧ್ರ ಮಾಡಿ, ಅದರ ಮೇಲೆ ಏ.ಸಿ. ಕೂರಿಸುತ್ತಾರೆ.

ಅದರಲ್ಲಿ ಎರಡು ಕೊಳವೆ ಸುರುಳಿಗಳಿವೆ. ಒಳಗಿನ ಗಾಳಿ ತಾಗುವ ಸುರುಳಿಯಲ್ಲಿ ಶೀತಕ ದ್ರವವು ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಸುರುಳಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಸುಡುವ ಹೊರಗಾಳಿಗೂ ಶಾಖ ಹೋಗುವುದು ಹೇಗೆ? ಒತ್ತಿದ ಆವಿ ಆ ಗಾಳಿಗಿಂತಲೂ ಬಿಸಿಯಾಗಿರುತ್ತದೆ!

ಹಳೆಯ ಯಂತ್ರ ತಂಪು ಕೊಡದಿದ್ದರೆ 'ಗ್ಯಾಸ್ ಮುಗಿದಿದೆ' ಎನ್ನುವವರೇ ಹೆಚ್ಚು. ಆದರೆ ಶೀತಕ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ, ಸೋರಿದರಷ್ಟೇ ಕಡಿಮೆಯಾಗುತ್ತದೆ. ಎಷ್ಟೋ ಸಲ ತಪ್ಪು ಧೂಳಿನದು. ಗಾಳಿ ಸೋಸುವ ಜಾಲರಿ ಕಟ್ಟಿಕೊಂಡರೆ ಒಳಸುರುಳಿಗೆ ಗಾಳಿ ಸಾಲದೆ ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಯಂತ್ರದಲ್ಲಿ ಮಂಜುಗಡ್ಡೆ, ಕೋಣೆಯಲ್ಲಿ ಸೆಕೆ! ಜಾಲರಿ ತೊಳೆದು ಒಣಗಿಸಿ ಹಾಕಿದರೆ ಸಾಕಾಗಬಹುದು. ಹೊರಸುರುಳಿಯ ತೆಳು ಅಲ್ಯುಮಿನಿಯಂ ರೆಕ್ಕೆಗಳು ಬಾಗಿದ್ದರೆ ಬಾಚಣಿಗೆಯಂಥ ಸಾಧನದಿಂದ ನೆಟ್ಟಗೆ ಮಾಡುತ್ತಾರೆ. ಮಳೆನೀರು ಒಳಗೆ ತೊಟ್ಟಿಕ್ಕಿದರೆ ರಂಧ್ರದ ಸುತ್ತಲಿನ ಸ್ಪಂಜಿನ ಪಟ್ಟಿಯನ್ನು ನೋಡಬೇಕು.

ಮೋಟಾರು 'ಗುಂಯ್' ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಕೆಪಾಸಿಟರ್ ಕೆಟ್ಟಿರಬಹುದು. ನಮ್ಮ ಸೀಲಿಂಗ್ ಫ್ಯಾನಿನಲ್ಲೂ ಇದು ಇದೆ. ಅಂಗಡಿಯಲ್ಲಿ 'ಕಂಡೆನ್ಸರ್ ಕೊಡಿ' ಎಂದು ಕೇಳುತ್ತಾರೆ. ಎಚ್ಚರ! ಸ್ವಿಚ್ ಆರಿಸಿದ ಮೇಲೂ ಏ.ಸಿ.ಯ ಕೆಪಾಸಿಟರಿನಲ್ಲಿ ವಿದ್ಯುದಾವೇಶ ಉಳಿದಿರುತ್ತದೆ, ಮುಟ್ಟಿದರೆ ಜೋರಾಗಿ ಷಾಕ್ ಹೊಡೆಯಬಹುದು. ಜಾಲರಿ ತೊಳೆಯುವುದು ಮನೆಯವರ ಕೆಲಸ. ಇದು ಮಾತ್ರ ಕಲಿತ ಮೆಕ್ಯಾನಿಕ್‌ನದು.

ಮಾಡಿ ನೋಡಿ: ಶಾಲೆಯ ಪ್ರಯೋಗಾಲಯದ ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ನೋಟ್‌ಬುಕ್ಕಿನಿಂದ ಐದು ನಿಮಿಷ ಗಾಳಿ ಬೀಸಿ. ಉಷ್ಣತೆ ಎಷ್ಟು ಇಳಿಯಿತೆಂದು ಬರೆದಿಡಿ. ಬಿಸಿಲ ದಿನ ಒಮ್ಮೆ, ಮಳೆ ಹಿಡಿದ ದಿನ ಒಮ್ಮೆ ಮಾಡಿ. ಯಾವ ದಿನ ಹೆಚ್ಚು ಇಳಿಯಿತು? ಏಕೆ?