ಯೋಗ ಕಲಿಸಲು ಹೊರಟ ಮಗಳಿಗೆ

ಯೋಗ ಟೀಚರ್ ಆದೆಯಲ್ಲ ಮಗಳೇ, ತುಂಬಾ ಸಂತೋಷ. ಹಿರಿಯಳಾಗಿ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕ್ಲಾಸಿಗೆ ಬಂದವರಿಗೆ "ಈ ಆಸನಗಳೆಲ್ಲ ಐದು ಸಾವಿರ ವರ್ಷದಿಂದ ಹೀಗೇ ಇವೆ" ಅಂತ ಹೇಳಿಬಿಡಬೇಡ. ಕೇಳುವವರಿಗೆ ಹಿತವಾಗಿರುತ್ತದೆ, ನಿಜ. ಆದರೆ ಪತಂಜಲಿ ಯೋಗಸೂತ್ರದಲ್ಲಿ ಆಸನಕ್ಕೆ ಮೀಸಲಿಟ್ಟದ್ದು ಮೂರೇ ಸೂತ್ರ, ಅವುಗಳಲ್ಲಿ ಒಂದು ಆಸನದ ಹೆಸರೂ ಇಲ್ಲ. 15ನೇ ಶತಮಾನದ ಹಠಯೋಗಪ್ರದೀಪಿಕೆಗೆ ಬರುವ ಹೊತ್ತಿಗೆ ಹದಿನೈದು ಆಸನಗಳಾದವು. ನಮ್ಮ ಮೈಸೂರಿನಲ್ಲಿ 19ನೇ ಶತಮಾನಕ್ಕೆ ಅವು 122 ಆದವು!

ಆ 122 ಇರುವುದು ಶ್ರೀತತ್ತ್ವನಿಧಿಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿಸಿದ ಗ್ರಂಥ ಅದು. ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಸನಗಳ ಚಿತ್ರಗಳಿವೆ. ಪುಟ ತಿರುವುತ್ತಾ ಹೋಗು. ತಲೆಯ ಮೇಲೆ ಜುಟ್ಟು ಕಟ್ಟಿ, ಲಂಗೋಟಿ ಉಟ್ಟ ಯೋಗಿ ಒಂದು ಚಿತ್ರದಲ್ಲಿ ಕೈಮೇಲೆ ನಿಂತಿದ್ದಾನೆ, ಇನ್ನೊಂದರಲ್ಲಿ ಹಗ್ಗ ಹಿಡಿದಿದ್ದಾನೆ. ಕೆಲವಂತೂ ಗರಡಿಯ ಸಾಮು ನೋಡಿದಂತೆಯೇ ಕಾಣುತ್ತವೆ. ನನಗಂತೂ ಅದರಲ್ಲಿ ಕೊರತೆ ಕಾಣುವುದಿಲ್ಲ. ಅಖಾಡದ ಕಸುವನ್ನೂ ಯೋಗ ತನ್ನದಾಗಿಸಿಕೊಂಡಿದ್ದರೆ ಅದು ಅದರ ಜೀವಂತಿಕೆ. ಬರೆದ ಚಿತ್ರಗಾರರ ಹೆಸರು ನಮಗೆ ಉಳಿದಿಲ್ಲ, ಅದೊಂದು ಬೇಸರ.

ಹಂಪಿಗೆ ಹೋದಾಗ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಬಂದುಬಿಡಬೇಡ. ವಿಠ್ಠಲ ದೇವಾಲಯದ ಕಂಬಗಳನ್ನು ಹತ್ತಿರದಿಂದ ನೋಡು, ಅಲ್ಲೂ ಯೋಗಿಗಳಿದ್ದಾರೆ. ಆಮೇಲೆ 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ ನರಸಿಂಹನ ಮುಂದೆ ನಿಂತುಕೋ. ಎಲ್ಲರ ಕಣ್ಣೂ ಆ ಗುಡ್ಡೆಗಣ್ಣುಗಳಿಗೆ, ಬಾಯಿಗೆ ಹೋಗುತ್ತದೆ. ನೀನು ಮೊಣಕಾಲು ನೋಡು. ಅಡ್ಡಲಾಗಿ ಒಂದು ಪಟ್ಟಿ ಇದೆ, ಅದೇ ಯೋಗಪಟ್ಟ. ಬಹಳ ಹೊತ್ತು ಕೂರುವ ಯೋಗಿಗೆ ಕಾಲು ಜಾರದಂತೆ ಆಸರೆ. ನಿನ್ನ ಕ್ಲಾಸಿನಲ್ಲಿ ಬೆಲ್ಟ್ ಕೊಡುವಾಗ "ಇದೆಲ್ಲ ಹೊಸದು" ಅಂತ ಯಾರಾದರೂ ಮೂಗು ಮುರಿದರೆ ಈ ನರಸಿಂಹನನ್ನು ತೋರಿಸು.

ಇನ್ನು ಕೆಲವರು ಆ ಐದು ಸಾವಿರ ವರ್ಷದ ಮಾತಿಗೆ ತದ್ವಿರುದ್ಧ ವಾದ ತರುತ್ತಾರೆ: ಈಗಿನ ಯೋಗವೆಲ್ಲ ನಿನ್ನೆ ಮೊನ್ನೆ ಹುಟ್ಟಿದ್ದಂತೆ. ಅವರ ಮಾತಿಗೂ ತಲೆದೂಗಬೇಡ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. 1934ರಲ್ಲಿ ಯೋಗಮಕರಂದವನ್ನು ಕನ್ನಡದಲ್ಲೇ ಬರೆದರು, ಫೋಟೊಗಳ ಸಮೇತ. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಕಡೆಯ ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರೇ. ಕೃಷ್ಣಮಾಚಾರ್ಯರು ಹೊಸದನ್ನು ಸೇರಿಸಿದ್ದು ನಿಜ, ಹಳೆಯದನ್ನು ಬಲ್ಲವರಾಗಿ ಸೇರಿಸಿದರು.

ನಿನ್ನ ಕ್ಲಾಸಿನ ಗೋಡೆಗೆ ಎಲ್ಲಿಂದಲೋ ಇಳಿಸಿಕೊಂಡ ಮಾಡೆಲ್ ಫೋಟೊ ಬೇಡ ಮಗಳೇ. ಶ್ರೀತತ್ತ್ವನಿಧಿಯ ನಾಲ್ಕು ಚಿತ್ರಗಳ ಪ್ರತಿ ಹಾಕಿಸು, ಕೆಳಗೆ ಗ್ರಂಥದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸು. ಕೇಳಿದವರಿಗೆ ಕಥೆ ಹೇಳು.